ಟೆಸ್ಟ್ ಫೇಲ್ ಆದಾಗ ಏನು ಹೇಳಬೇಕು? ಅಸರ್ಶನ್ ಹೆಲ್ಪರ್ ಬಳಸಿ ಯೂನಿಟ್ ಟೆಸ್ಟ್ ಬರೆಯುವ ಬಗೆ

"ಅಸರ್ಟ್‌ಟ್ರೂ ಒಂದಿದ್ದರೆ ಎಲ್ಲಾ ಟೆಸ್ಟ್ ಬರೆಯಬಹುದಲ್ವಾ? ಮತ್ತೆ ಇಷ್ಟೊಂದು ಹೆಲ್ಪರ್ ಯಾಕೆ? ಯಾವುದನ್ನ ಎಲ್ಲಿ ಬಳಸಬೇಕು?" ಯೂನಿಟ್ ಟೆಸ್ಟ್ ಬಗ್ಗೆ ಬರೆದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. (ಅಸರ್ಟ್‌ಟ್ರೂ ಅಂದರೆ ಟೆಸ್ಟ್‌ನಲ್ಲಿ ಕೊಟ್ಟದ್ದು ನಿಜವಾ ಅಂತ ಮಾತ್ರ ನೋಡುವ ಫಂಕ್ಷನ್. ಇಂಥವಕ್ಕೇ ಹೆಲ್ಪರ್ ಅನ್ನೋದು.) ಪ್ರತಿ ಸಲ ಎರಡೆರಡು ಸಾಲಿನ ಉತ್ತರ ಕೊಡುವ ಬದಲು ಒಮ್ಮೆ ಕೂತು ಪೂರ್ತಿ ಬರೆದುಬಿಡೋಣ ಅನ್ನಿಸಿತು.

ಉತ್ತರದ ಸಾರ ಮೊದಲೇ ಹೇಳುತ್ತೇನೆ. ಟೆಸ್ಟ್ ಪಾಸ್ ಆದಾಗ ಯಾವ ಹೆಲ್ಪರ್ ಬಳಸಿದಿರಿ ಅನ್ನೋದು ಯಾರಿಗೂ ಬೇಕಿಲ್ಲ. ಹಸಿರು ಬಣ್ಣ ಬಂತು, ಮುಂದೆ ಹೋದಿರಿ, ಅಷ್ಟೇ. ವ್ಯತ್ಯಾಸ ಗೊತ್ತಾಗೋದು ಟೆಸ್ಟ್ ಫೇಲ್ ಆದ ದಿನ. ಆರು ತಿಂಗಳ ನಂತರ, ಕೋಡ್ ಮರೆತುಹೋದ ಮೇಲೆ, ತೆರೆಯ ಮೇಲೆ ಬರುವ ಆ ಒಂದು ಮೆಸೇಜ್ ನೋಡಿ ತಪ್ಪು ಎಲ್ಲಿದೆ ಅಂತ ತಿಳಿಯಬೇಕು. ಹಾಗಾಗಿ ಹೆಲ್ಪರ್ ಆರಿಸುವಾಗ "ಇದು ಫೇಲ್ ಆದಾಗ ನನಗೆ ಏನು ಓದಲು ಸಿಗುತ್ತದೆ?" ಅಂತ ಕೇಳಿಕೊಳ್ಳಿ. ಮುಂದಿನ ಹಂತಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಶುರು ಮಾಡುವ ಮುಂಚೆ

ಮೂರು ಪದ ಗೊತ್ತಿದ್ದರೆ ಸಾಕು. ಯೂನಿಟ್ ಟೆಸ್ಟ್ ಅಂದರೆ ಪ್ರೋಗ್ರಾಮ್‌ನ ಒಂದು ಸಣ್ಣ ತುಂಡನ್ನು, ಸಾಮಾನ್ಯವಾಗಿ ಒಂದು ಫಂಕ್ಷನ್ ಅಥವಾ ಕ್ಲಾಸನ್ನು, ಪ್ರತ್ಯೇಕವಾಗಿ ಓಡಿಸಿ ನೋಡುವ ಕೋಡ್. ಅಸರ್ಶನ್ ಅಂದರೆ ಆ ಟೆಸ್ಟ್ ಒಳಗೆ "ಇದು ಹೀಗೇ ಇರಬೇಕು" ಅಂತ ಖಡಾಖಂಡಿತವಾಗಿ ಹೇಳುವ ಸಾಲು. ಅದು ಸುಳ್ಳಾದರೆ ಟೆಸ್ಟ್ ಫೇಲ್. ಅಸರ್ಶನ್ ಹೆಲ್ಪರ್ ಅಂದರೆ ಅದನ್ನೇ ಒಂದೊಂದು ಸಂದರ್ಭಕ್ಕೆ ತಕ್ಕಂತೆ ಹೇಳಲು ಮಾಡಿಟ್ಟ ಫಂಕ್ಷನ್: ಎರಡು ಬೆಲೆ (ವ್ಯಾಲ್ಯೂ) ಒಂದೇನಾ, ಪಟ್ಟಿಯಲ್ಲಿ ಇದೆಯಾ, ಎರರ್ ಬಂತಾ, ಹೀಗೆ.

ಉದಾಹರಣೆಗಳನ್ನು ಪೈಥಾನ್ ಜೊತೆಗೇ ಬರುವ ಯೂನಿಟ್‌ಟೆಸ್ಟ್ ಲೈಬ್ರರಿಯಲ್ಲಿ ಕೊಟ್ಟಿದ್ದೇನೆ. ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಜಾವಾ, ಜಾವಾಸ್ಕ್ರಿಪ್ಟ್, ಗೋ ಬಳಸುವವರಿಗೆ ಬೇರೆ ಮಾತು ಇದ್ದಲ್ಲಿ ಅಲ್ಲಲ್ಲೇ ಹೇಳುತ್ತೇನೆ. ಹೆಲ್ಪರ್‌ಗಳ ಹೆಸರು ಎಲ್ಲಾ ಭಾಷೆಯಲ್ಲೂ ಒಂದೇ ಥರ ಇರೋದಕ್ಕೆ ಕಾರಣ ಇದೆ. ಕೆಂಟ್ ಬೆಕ್ ಮೊದಲು ಸ್ಮಾಲ್‌ಟಾಕ್ ಭಾಷೆಗೆ ಎಸ್‌ಯೂನಿಟ್ ಅನ್ನೋ ಟೆಸ್ಟ್ ಲೈಬ್ರರಿ ಬರೆದರು. ಆಮೇಲೆ 1997ರಲ್ಲಿ ಎರಿಕ್ ಗಾಮಾ ಜೊತೆ ವಿಮಾನ ಪ್ರಯಾಣದಲ್ಲಿ ಕೂತು ಜಾವಾಗೆ ಜೆಯೂನಿಟ್ ಶುರು ಮಾಡಿದರು. ಉಳಿದವು ಹೆಚ್ಚಾಗಿ ಅದೇ ಮನೆತನ.

ಕೋಡ್ ಸಾಲುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಹೆಲ್ಪರ್ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತದಲ್ಲಿ ಟೈಪ್ ಮಾಡಿ, ಪ್ರತಿ ಹೆಸರಿಗೂ ಮೊದಲು "ಸೆಲ್ಫ್" ಮತ್ತು ಚುಕ್ಕೆ ಸೇರಿಸಿ.

ಹಂತ 1: ಮೂರು ಭಾಗದ ಒಂದು ಟೆಸ್ಟ್

ಹಾಡು ನುಡಿಸುವ ಒಂದು ಪ್ರೋಗ್ರಾಮ್ ಇದೆ ಅಂದುಕೊಳ್ಳಿ. ಅದರಲ್ಲಿ ಅವಧಿ_ಪಠ್ಯ ಅನ್ನೋ ಫಂಕ್ಷನ್. ಸೆಕೆಂಡುಗಳನ್ನು ಕೊಟ್ಟರೆ ಗಂಟೆ, ನಿಮಿಷ, ಸೆಕೆಂಡ್ ಆಗಿ ಬರೆದು ಕೊಡುತ್ತದೆ. 3909 ಕೊಟ್ಟರೆ "1:05:09" ಬರಬೇಕು.

    ಸೆಕೆಂಡು = 3909
    ಸಿಕ್ಕಿದ್ದು = ಅವಧಿ_ಪಠ್ಯ(ಸೆಕೆಂಡು)
    ಅಸರ್ಟ್‌ಈಕ್ವಲ್(ಸಿಕ್ಕಿದ್ದು, "1:05:09")

ಮೊದಲ ಸಾಲು ಸಿದ್ಧತೆ, ಎರಡನೆಯದು ಕೆಲಸ, ಮೂರನೆಯದು ತಪಾಸಣೆ. ಟೆಸ್ಟ್ ಎಷ್ಟೇ ದೊಡ್ಡದಾಗಲಿ ಈ ಮೂರು ಭಾಗ ಕಣ್ಣಿಗೆ ಕಾಣಬೇಕು. ಕೆಲಸದ ಸಾಲು ಒಂದೇ ಇರಲಿ. ಎರಡು ಕೆಲಸ, ಎರಡು ತಪಾಸಣೆ ಬಂದರೆ ಅದು ಎರಡು ಟೆಸ್ಟ್.

"1:05:09" ಅನ್ನೋದನ್ನು ಕೈಯಾರೆ ಬರೆದಿದ್ದೇವೆ, ಗಮನಿಸಿ. ಟೆಸ್ಟ್ ಒಳಗೆ ಮತ್ತೆ ಭಾಗಾಕಾರ ಮಾಡಿ ಉತ್ತರ ಲೆಕ್ಕ ಹಾಕಬೇಡಿ. ಹಾಗೆ ಮಾಡಿದರೆ ಫಂಕ್ಷನ್‌ನಲ್ಲಿ ಇರುವ ತಪ್ಪೇ ಟೆಸ್ಟ್‌ನಲ್ಲೂ ಬಂದು ಕೂರುತ್ತದೆ. ಎರಡೂ ತಪ್ಪು, ಎರಡೂ ಒಂದೇ, ಟೆಸ್ಟ್ ಪಾಸ್.

ಹಂತ 2: ಅಸರ್ಟ್‌ಟ್ರೂ ಬಿಟ್ಟು ಅಸರ್ಟ್‌ಈಕ್ವಲ್‌ಗೆ ಬನ್ನಿ

ಈಗ ಫಂಕ್ಷನ್‌ನಲ್ಲಿ ಒಂದು ಬಗ್ ಇದೆ ಅಂತಿಟ್ಟುಕೊಳ್ಳಿ. ಒಂದೇ ಅಂಕಿ ಇದ್ದಾಗ ಮುಂದೆ ಸೊನ್ನೆ ಹಾಕುತ್ತಿಲ್ಲ. "1:05:09" ಬದಲು "1:5:9" ಬರುತ್ತಿದೆ. ಇದನ್ನು ಎರಡು ರೀತಿಯಲ್ಲಿ ಹಿಡಿಯಬಹುದು.

    ಅಸರ್ಟ್‌ಟ್ರೂ(ಅವಧಿ_ಪಠ್ಯ(3909) == "1:05:09")

ಇದನ್ನು ಓಡಿಸಿದರೆ ಸಿಗುವ ಮೆಸೇಜ್: "ಫಾಲ್ಸ್ ಈಸ್ ನಾಟ್ ಟ್ರೂ". ಸುಳ್ಳು ನಿಜವಲ್ಲವಂತೆ! ತುಂಬಾ ಉಪಕಾರವಾಯಿತು. ಏನು ಬಂತು, ಏನು ಬರಬೇಕಿತ್ತು, ಒಂದೂ ಗೊತ್ತಾಗಲ್ಲ. ಈಗ ಪ್ರಿಂಟ್ ಸಾಲು ಸೇರಿಸಿ ಮತ್ತೆ ಓಡಿಸಬೇಕು.

    ಅಸರ್ಟ್‌ಈಕ್ವಲ್(ಅವಧಿ_ಪಠ್ಯ(3909), "1:05:09")

ಇದಕ್ಕೆ ಸಿಗುವುದು:

    '1:5:9' != '1:05:09'
    - 1:5:9
    + 1:05:09
    ?   +  +

ಕೊನೆಯ ಸಾಲಿನ ಎರಡು ಕೂಡಿಸುವ ಚಿಹ್ನೆ ಎಲ್ಲಿವೆ ನೋಡಿ. ಕಾಣೆಯಾದ ಎರಡು ಸೊನ್ನೆಗಳ ಕೆಳಗೆ ಸರಿಯಾಗಿ ನಿಂತಿವೆ. ಕೋಡ್ ತೆರೆಯುವ ಮುಂಚೆಯೇ ಬಗ್ ಏನು ಅಂತ ಗೊತ್ತಾಯಿತು. ಪರೀಕ್ಷೆ ಎರಡರಲ್ಲೂ ಒಂದೇ, ಆದರೆ ಒಂದು ಬಾಯಿಬಿಟ್ಟು ಹೇಳಿತು, ಇನ್ನೊಂದು ಸುಮ್ನೆ ತಲೆ ಅಲ್ಲಾಡಿಸಿತು.

ಕಾರಣ ಸರಳ. ಅಸರ್ಟ್‌ಟ್ರೂ ಕೈಗೆ ಹೋಗುವಷ್ಟರಲ್ಲಿ ಹೋಲಿಕೆ ಮುಗಿದು ಬರೀ ಹೌದು ಅಥವಾ ಇಲ್ಲ ಮಾತ್ರ ಉಳಿದಿರುತ್ತದೆ. ಅಸರ್ಟ್‌ಈಕ್ವಲ್‌ಗೆ ಎರಡೂ ಬೆಲೆ ಕೈಗೆ ಸಿಗುತ್ತವೆ, ಹಾಗಾಗಿ ತೋರಿಸಬಲ್ಲದು.

ಎಚ್ಚರಿಕೆ: ಈ ಸಾಲನ್ನು ನೋಡಿ.

    ಅಸರ್ಟ್‌ಟ್ರೂ(ಅವಧಿ_ಪಠ್ಯ(3909), "1:05:09")

ಆತುರದಲ್ಲಿ ಹೆಲ್ಪರ್ ಹೆಸರು ತಪ್ಪಾಗಿ ಬರೆದಾಗ ಆಗುವುದು ಇದೇ. ಇಲ್ಲಿ ಹೋಲಿಕೆಯೇ ಇಲ್ಲ. ಅಸರ್ಟ್‌ಟ್ರೂಗೆ ಎರಡನೆಯದಾಗಿ ಕೊಟ್ಟದ್ದು ಫೇಲ್ ಆದರೆ ತೋರಿಸಬೇಕಾದ ಮೆಸೇಜ್. ಮೊದಲನೆಯದು ಖಾಲಿಯಲ್ಲದ ಸ್ಟ್ರಿಂಗ್, ಹಾಗಾಗಿ ಅದು ಯಾವಾಗಲೂ "ನಿಜ". ಈ ಟೆಸ್ಟ್ ಜನ್ಮದಲ್ಲಿ ಫೇಲ್ ಆಗಲ್ಲ. ಇಂಥ ಒಂದು ಸಾಲು ನಾನೇ ಬರೆದು ತಿಂಗಳುಗಟ್ಟಲೆ ಹಸಿರು ನೋಡಿಕೊಂಡು ಖುಷಿಯಾಗಿದ್ದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪೈಥಾನ್‌ನ ಇನ್ನೊಂದು ಟೆಸ್ಟ್ ಲೈಬ್ರರಿ ಪೈಟೆಸ್ಟ್ ಬಳಸುವವರಿಗೆ ಒಂದು ಮಾತು. ಅಲ್ಲಿ ಬರೀ ಅಸರ್ಟ್ ಪದ ಸಾಕು, ಯಾಕೆಂದರೆ ಟೆಸ್ಟ್ ಫೈಲನ್ನು ಲೋಡ್ ಮಾಡುವಾಗ ಪೈಟೆಸ್ಟ್ ಆ ಸಾಲುಗಳನ್ನು ಒಳಗೊಳಗೇ ತಿದ್ದಿ ಎರಡೂ ಬೆಲೆ ತೋರಿಸುವ ಹಾಗೆ ಮಾಡುತ್ತದೆ. ಆದರೆ ಅಸರ್ಟ್‌ಗೆ ಆವರಣ ಹಾಕಿ ಒಳಗೆ ಷರತ್ತು, ಅಲ್ಪವಿರಾಮ, ಮೆಸೇಜ್ ಬರೆಯಬೇಡಿ. ಅದು ಎರಡು ವಸ್ತುಗಳ ಟ್ಯೂಪಲ್ (ಜೋಡಿ) ಆಗುತ್ತದೆ, ಖಾಲಿಯಲ್ಲದ ಟ್ಯೂಪಲ್ ಯಾವಾಗಲೂ ನಿಜ. ಪೈಥಾನ್ ಇದಕ್ಕೆ ವಾರ್ನಿಂಗ್ ಕೊಡುತ್ತದೆ, ನಾವು ಓದಬೇಕಷ್ಟೇ.

ಹಂತ 3: ಯಾವುದು ಮೊದಲು, ಯಾವುದು ಆಮೇಲೆ

"ಬರಬೇಕಿದ್ದದ್ದು" ಮತ್ತು "ಬಂದದ್ದು", ಈ ಎರಡರಲ್ಲಿ ಯಾವುದನ್ನು ಮೊದಲು ಕೊಡಬೇಕು? ಇದು ಲೈಬ್ರರಿಯಿಂದ ಲೈಬ್ರರಿಗೆ ಬೇರೆ, ತಲೆ ತಿನ್ನುವ ವಿಷಯ.

ಜೆಯೂನಿಟ್‌ನಲ್ಲಿ ಬರಬೇಕಿದ್ದದ್ದು ಮೊದಲು. ಗೋ ಭಾಷೆಯ ಟೆಸ್ಟಿಫೈ ಮತ್ತು ರೂಬಿಯ ಮಿನಿಟೆಸ್ಟ್‌ನಲ್ಲೂ ಹಾಗೇ. ಜಾವಾದ ಇನ್ನೊಂದು ಲೈಬ್ರರಿ ಟೆಸ್ಟ್‌ಎನ್‌ಜಿಯಲ್ಲಿ ಉಲ್ಟಾ, ಬಂದದ್ದು ಮೊದಲು. ಪೈಥಾನ್‌ನ ಯೂನಿಟ್‌ಟೆಸ್ಟ್ ಈ ಜಗಳಕ್ಕೇ ಹೋಗಲ್ಲ, "ಮೊದಲನೆಯದು, ಎರಡನೆಯದು" ಅಂತ ಹೆಸರಿಟ್ಟು ಸುಮ್ಮನಾಗಿದೆ.

ಅದಲು ಬದಲಾದರೆ ಟೆಸ್ಟ್ ಪಾಸ್ ಅಥವಾ ಫೇಲ್ ಆಗುವುದರಲ್ಲಿ ವ್ಯತ್ಯಾಸ ಇಲ್ಲ. ಆದರೆ ಜೆಯೂನಿಟ್ "1:5:9 ಬರಬೇಕಿತ್ತು, 1:05:09 ಬಂತು" ಅಂತ ಹೇಳುತ್ತದೆ. ಅದನ್ನು ನಂಬಿ ಸರಿ ಇರುವ ಕಡೆ ಬಗ್ ಹುಡುಕುತ್ತಾ ಅರ್ಧ ಗಂಟೆ ಹೋಗುತ್ತದೆ. ಯಾವ ಕ್ರಮ ಅನ್ನೋದಕ್ಕಿಂತ ಇಡೀ ತಂಡ ಒಂದೇ ಕ್ರಮ ಹಿಡಿಯೋದು ಮುಖ್ಯ.

ಜಾವಾದವರು ಇನ್ನೊಂದು ಗಮನಿಸಿ. ಜೆಯೂನಿಟ್ 4ರಲ್ಲಿ ನಮ್ಮ ಸ್ವಂತ ಮೆಸೇಜ್ ಮೊದಲ ಸ್ಥಾನದಲ್ಲಿ ಬರುತ್ತಿತ್ತು. 2017ರಲ್ಲಿ ಬಂದ ಜೆಯೂನಿಟ್ 5ರಲ್ಲಿ ಅದು ಕೊನೆಗೆ ಹೋಯಿತು. ಮೂರೂ ಸ್ಟ್ರಿಂಗ್ ಆಗಿದ್ದರೆ ಕಂಪೈಲರ್ ಏನೂ ಹೇಳಲ್ಲ. ಹಳೇ ಟೆಸ್ಟ್‌ಗಳನ್ನು ಹೊಸದಕ್ಕೆ ಸಾಗಿಸುವಾಗ ಬರೀ ಇಂಪೋರ್ಟ್ ಸಾಲು ಬದಲಿಸಿದರೆ, ಮೆಸೇಜನ್ನು ಬೆಲೆಯ ಜೊತೆ ಹೋಲಿಸುತ್ತಾ ಕೂರುತ್ತದೆ.

ಹಂತ 4: ಸಂದರ್ಭಕ್ಕೆ ಸರಿಯಾದ ಹೆಲ್ಪರ್

ಎಲ್ಲಾ ಹೆಲ್ಪರ್ ಬಾಯಿಪಾಠ ಮಾಡಬೇಕಿಲ್ಲ. ದಿನಾ ಬೇಕಾಗೋದು ಇಷ್ಟೇ.

ಏನೂ ಸಿಗಲಿಲ್ಲ ಅನ್ನೋದಕ್ಕೆ ಅಸರ್ಟ್‌ಈಸ್‌ನನ್. ಪಟ್ಟಿಯಲ್ಲಿ ಇಲ್ಲದ ಹಾಡಿಗೆ ಹುಡುಕು("ಹಾಡು ಚ") ಅಂದಾಗ ನನ್ ಬರಬೇಕು, ಅಂದರೆ "ಏನೂ ಇಲ್ಲ". ಇಲ್ಲಿ ಅಸರ್ಟ್‌ಫಾಲ್ಸ್ ಬಳಸಬೇಡಿ. ಖಾಲಿ ಸ್ಟ್ರಿಂಗ್, ಖಾಲಿ ಪಟ್ಟಿ, ಸೊನ್ನೆ ಇವೆಲ್ಲವೂ ಪೈಥಾನ್ ಲೆಕ್ಕದಲ್ಲಿ "ಸುಳ್ಳು". ಯಾರೋ ನನ್ ಬದಲು ಖಾಲಿ ಪಟ್ಟಿ ಕೊಡುವ ಹಾಗೆ ಕೋಡ್ ಬದಲಿಸಿದರೂ ಟೆಸ್ಟ್ ಗಮನಿಸಲ್ಲ.

ಪಟ್ಟಿಯಲ್ಲಿ ಇದೆಯಾ ಅನ್ನೋದಕ್ಕೆ ಅಸರ್ಟ್‌ಇನ್. ಫೇಲ್ ಆದರೆ ಏನನ್ನು ಹುಡುಕಿದೆ, ಎಲ್ಲಿ ಹುಡುಕಿದೆ ಎರಡನ್ನೂ ತೋರಿಸುತ್ತದೆ. ಬಹಳ ಸಲ ಆ ಪಟ್ಟಿ ನೋಡಿದ ಕೂಡಲೇ "ಓ, ಕೊನೆಗೆ ಒಂದು ಸ್ಪೇಸ್ ಇದೆ" ಅಂತ ಕಂಡುಬಿಡುತ್ತದೆ.

ಕ್ರಮ ಮುಖ್ಯವಲ್ಲದ ಪಟ್ಟಿಗೆ ಅಸರ್ಟ್‌ಕೌಂಟ್‌ಈಕ್ವಲ್. ಹೆಸರು ಮಾತ್ರ ಮೋಸ. ಎಷ್ಟಿವೆ ಅಂತ ಎಣಿಸುವ ಹೆಲ್ಪರ್ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಿಜಕ್ಕೂ ಅದು ಎರಡೂ ಕಡೆ ಅದೇ ವಸ್ತುಗಳು ಅಷ್ಟಷ್ಟೇ ಸಲ ಇವೆಯಾ ಅಂತ ನೋಡುತ್ತದೆ, ಕ್ರಮ ಬಿಟ್ಟು. ಎರಡನ್ನೂ ಸೆಟ್ ಮಾಡಿ ಹೋಲಿಸುವ ಅಡ್ಡದಾರಿ ಹಿಡಿಯಬೇಡಿ. "ಹಾಡು ಕ" ಪಟ್ಟಿಯಲ್ಲಿ ಎರಡು ಸಲ ಬಂದಿದ್ದರೆ ಸೆಟ್ ಅದನ್ನು ಒಂದು ಮಾಡಿ ಬಗ್ ಮುಚ್ಚಿಹಾಕುತ್ತದೆ.

ಎರಡೂ ಒಂದೇ ವಸ್ತುವಾ, ಅಥವಾ ಒಂದೇ ಥರ ಇರುವ ಎರಡು ವಸ್ತುಗಳಾ? ಮೊದಲನೆಯದಕ್ಕೆ ಅಸರ್ಟ್‌ಈಸ್, ಎರಡನೆಯದಕ್ಕೆ ಅಸರ್ಟ್‌ಈಕ್ವಲ್. ಜಾವಾದಲ್ಲಿ ಅಸರ್ಟ್‌ಸೇಮ್ ಮತ್ತು ಅಸರ್ಟ್‌ಈಕ್ವಲ್ಸ್. ಜಾವಾಸ್ಕ್ರಿಪ್ಟ್‌ನ ಜೆಸ್ಟ್‌ನಲ್ಲಿ ಟೂಬಿ ಮತ್ತು ಟೂಈಕ್ವಲ್. ಜೆಸ್ಟ್‌ನಲ್ಲಿ ಎರಡು ಆಬ್ಜೆಕ್ಟ್‌ಗಳನ್ನು ಟೂಬಿ ಇಂದ ಹೋಲಿಸಿ "ಎರಡೂ ಒಂದೇ ಥರ ಕಾಣ್ತಿವೆ, ಆದ್ರೂ ಫೇಲ್ ಯಾಕೆ?" ಅಂತ ಕೇಳದವರಿಲ್ಲ. ಟೂಈಕ್ವಲ್‌ಗೂ ಒಂದು ಸಡಿಲಿಕೆ ಇದೆ: ಬೆಲೆ ಅನ್‌ಡಿಫೈನ್ಡ್ ಆಗಿರುವ ಪ್ರಾಪರ್ಟಿಯನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಅದೂ ಬೇಕು ಅಂದರೆ ಟೂಸ್ಟ್ರಿಕ್ಟ್‌ಈಕ್ವಲ್ ಬಳಸಿ. ಜೆಯೂನಿಟ್ 5ರಲ್ಲಿ ಅರೇಗಳಿಗೆ ಅಸರ್ಟ್‌ಅರೇಈಕ್ವಲ್ಸ್ ಬೇಕು. ಸಾದಾ ಅಸರ್ಟ್‌ಈಕ್ವಲ್ಸ್ ಒಳಗಿರುವುದನ್ನು ನೋಡಲ್ಲ.

ದೊಡ್ಡ ಪಟ್ಟಿ ಹೋಲಿಸಿದಾಗ ಪೈಥಾನ್ "ವ್ಯತ್ಯಾಸ ತುಂಬಾ ಉದ್ದ ಇದೆ" ಅಂತ ಹೇಳಿ ತೋರಿಸದೇ ಬಿಡಬಹುದು. ಮೊದಲಿಂದ ಇರುವ ಮಿತಿ 640 ಅಕ್ಷರ. ಟೆಸ್ಟ್ ಕ್ಲಾಸ್‌ನಲ್ಲಿ ಮ್ಯಾಕ್ಸ್‌ಡಿಫ್ ಅನ್ನೋದಕ್ಕೆ ನನ್ ಕೊಟ್ಟರೆ ಪೂರ್ತಿ ತೋರಿಸುತ್ತದೆ.

ಹಳೇ ಪೈಥಾನ್ ಕೋಡ್‌ನಲ್ಲಿ ಅಸರ್ಟ್‌ಈಕ್ವಲ್ಸ್ ಅಂತ ಬಹುವಚನದ ಹೆಸರು ಕಂಡರೆ ಕೊನೆಯ ಅಕ್ಷರ ತೆಗೆದುಹಾಕಿ. 3.12 ಆವೃತ್ತಿಯಿಂದ ಆ ಹೆಸರೇ ಇಲ್ಲ.

ಹಂತ 5: ದಶಮಾಂಶ ಸಂಖ್ಯೆಗಳು

0.1 ಮತ್ತು 0.2 ಕೂಡಿಸಿ ಅಂದರೆ ಕಂಪ್ಯೂಟರ್ 0.30000000000000004 ಅನ್ನುತ್ತದೆ. ಇದು ಬಗ್ ಅಲ್ಲ. 0.1 ಅನ್ನು ಎರಡರ ಪದ್ಧತಿಯಲ್ಲಿ ಕರಾರುವಾಕ್ಕಾಗಿ ಬರೆಯಲು ಆಗಲ್ಲ, ಹತ್ತಿರದ ಸಂಖ್ಯೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಇಂಥ ಸಂಖ್ಯೆಗಳಿಗೆ ಅಸರ್ಟ್‌ಈಕ್ವಲ್ ಬೇಡ. ಅಸರ್ಟ್‌ಆಲ್‌ಮೋಸ್ಟ್‌ಈಕ್ವಲ್ ಬಳಸಿ.

ಇಲ್ಲಿ ಎಡವುವುದು "ಎಷ್ಟು ಹತ್ತಿರ?" ಅನ್ನೋದರಲ್ಲಿ. 200, 201, 201 ಸೆಕೆಂಡಿನ ಮೂರು ಹಾಡುಗಳ ಸರಾಸರಿ 200.666 ಹೀಗೆ ಕೊನೆಯಿಲ್ಲದೆ ಹೋಗುತ್ತದೆ. ನೀವು 200.6667 ಅಂತ ಬರೆದು ಹೋಲಿಸಿದರೆ ಟೆಸ್ಟ್ ಫೇಲ್, ಯಾಕೆಂದರೆ ಪೈಥಾನ್ ತಾನಾಗಿ 7 ದಶಮಾಂಶ ಸ್ಥಾನದವರೆಗೆ ನೋಡುತ್ತದೆ. ಸ್ಥಾನ 3 ಸಾಕು ಅಂತ ಹೇಳಿದರೆ ಪಾಸ್. ಜೆಸ್ಟ್‌ನ ಟೂಬಿಕ್ಲೋಸ್‌ಟು ತಾನಾಗಿ ನೋಡುವುದು 2 ಸ್ಥಾನ ಮಾತ್ರ, ಸಣ್ಣ ಸಂಖ್ಯೆಗಳಿಗೆ ಅದು ತೀರಾ ಸಡಿಲ.

ಪೈಟೆಸ್ಟ್‌ನ ಅಪ್ರಾಕ್ಸ್ ಬೇರೆ ದಾರಿ ಹಿಡಿಯುತ್ತದೆ. ಸಂಖ್ಯೆಯ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ ಒಪ್ಪುತ್ತದೆ. ಕೇಳಲು ಬಿಗಿಯಾಗಿದೆ ಅನ್ನಿಸುತ್ತದೆ ಅಲ್ವಾ? ಆದರೆ ಸಂಖ್ಯೆ ನೂರು ಕೋಟಿ ಆದರೆ ಸಾವಿರದಷ್ಟು ತಪ್ಪಿದರೂ ಪಾಸ್. ಹಾಗಾಗಿ ಮಿತಿಯನ್ನು ಲೈಬ್ರರಿಗೆ ಬಿಡದೆ ನೀವೇ ಬರೆಯಿರಿ. ಹಣದ ಲೆಕ್ಕ ಆದರೆ ಈ ಹೆಲ್ಪರ್‌ಗೇ ಕೈ ಹಾಕಬೇಡಿ. ಹಣವನ್ನು ಫ್ಲೋಟ್‌ನಲ್ಲಿ, ಅಂದರೆ ಮೇಲೆ ಹೇಳಿದ ಹತ್ತಿರದ ಸಂಖ್ಯೆಯ ರೂಪದಲ್ಲಿ, ಇಡುವುದೇ ತಪ್ಪು, ಡೆಸಿಮಲ್ ಅಥವಾ ಪೂರ್ಣಾಂಕದಲ್ಲಿ ಇಟ್ಟು ಅಸರ್ಟ್‌ಈಕ್ವಲ್ ಬಳಸಿ.

ಹಂತ 6: ಎರರ್ ಬರಬೇಕಾದ ಕಡೆ ಬಂತಾ?

ಅವಧಿ_ಪಠ್ಯ(-5) ಅಂತ ಕರೆದರೆ ವ್ಯಾಲ್ಯೂಎರರ್ ಬರಬೇಕು. ಹೊಸಬರು ಹೆಚ್ಚು ಎಡವುವ ಜಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

    ವಿತ್ ಅಸರ್ಟ್‌ರೈಸಸ್(ವ್ಯಾಲ್ಯೂಎರರ್):
        ಅವಧಿ_ಪಠ್ಯ(-5)

"ಈ ಬ್ಲಾಕ್ ಒಳಗೆ ವ್ಯಾಲ್ಯೂಎರರ್ ಬರಲೇಬೇಕು, ಬರದಿದ್ದರೆ ಫೇಲ್" ಅಂತ ಅರ್ಥ. ನಾಲ್ಕು ಕಡೆ ಹುಷಾರಾಗಿರಿ.

ಒಂದು, ಫಂಕ್ಷನ್ನನ್ನು ಮೊದಲೇ ಕರೆದುಬಿಡುವುದು. ಅಸರ್ಟ್‌ರೈಸಸ್(ವ್ಯಾಲ್ಯೂಎರರ್, ಅವಧಿ_ಪಠ್ಯ(-5)) ಅಂತ ಒಂದೇ ಸಾಲಲ್ಲಿ ಬರೆದರೆ ಹೆಲ್ಪರ್ ಕೆಲಸ ಶುರು ಮಾಡುವ ಮುಂಚೆಯೇ ಎರರ್ ಹಾರಿ ಹೋಗುತ್ತದೆ. ಕೋಡ್ ಸರಿ ಇದ್ದರೂ ಟೆಸ್ಟ್ ಕೆಂಪು. ಜೆಸ್ಟ್‌ನಲ್ಲೂ ಇದೇ ಕಥೆ, ಎಕ್ಸ್‌ಪೆಕ್ಟ್ ಒಳಗೆ ಬಾಣದ ಗುರುತಿನ ಸಣ್ಣ ಫಂಕ್ಷನ್ ಮಾಡಿ ಕೊಡಬೇಕು, ನೇರವಾಗಿ ಕರೆಯಬಾರದು.

ಎರಡು, ತೀರಾ ಅಗಲದ ಬಲೆ. ವ್ಯಾಲ್ಯೂಎರರ್ ಬದಲು ಬರೀ ಎಕ್ಸೆಪ್ಶನ್ ಅಂತ ಕೊಟ್ಟರೆ ಯಾವ ಎರರ್ ಬಂದರೂ ಪಾಸ್. ಫಂಕ್ಷನ್ ಹೆಸರಲ್ಲಿ ಒಂದು ಅಕ್ಷರ ತಪ್ಪಿ ನೇಮ್‌ಎರರ್ ಬಂದರೂ ಪಾಸ್! ನಿಮ್ಮ ಫಂಕ್ಷನ್ ಓಡೇ ಇಲ್ಲ, ಟೆಸ್ಟ್ ಮಾತ್ರ ಹಸಿರು.

ಮೂರು, ಬ್ಲಾಕ್ ಒಳಗೆ ಜಾಸ್ತಿ ಸಾಲು. ಸಿದ್ಧತೆಯ ಸಾಲುಗಳನ್ನೂ ಒಳಗೆ ತುರುಕಿದರೆ ಎರರ್ ಯಾವ ಸಾಲಿಂದ ಬಂತು ಅಂತ ಗೊತ್ತಾಗಲ್ಲ. ಇನ್ನೂ ಕೆಟ್ಟದ್ದು, ಎರರ್ ಬರುವ ಸಾಲಿನ ಕೆಳಗೆ, ಅದೇ ಬ್ಲಾಕ್ ಒಳಗೆ ಬರೆದ ಅಸರ್ಶನ್‌ಗಳು ಓಡುವುದೇ ಇಲ್ಲ. ಎರರ್ ಬಂದ ಕ್ಷಣವೇ ಬ್ಲಾಕಿಂದ ಹೊರಗೆ. ಅವುಗಳನ್ನು ಬ್ಲಾಕ್ ಮುಗಿದ ಮೇಲೆ, ಎಡಕ್ಕೆ ಸರಿಸಿ ಬರೆಯಿರಿ.

ನಾಲ್ಕು, ಮೆಸೇಜ್ ಹೊಂದಿಕೆ. ಎರರ್‌ನ ಪಠ್ಯವನ್ನೂ ನೋಡಬೇಕಾದರೆ ಅಸರ್ಟ್‌ರೈಸಸ್‌ರೆಜೆಕ್ಸ್ ಇದೆ, ಪೈಟೆಸ್ಟ್‌ನಲ್ಲಿ ಮ್ಯಾಚ್ ಅನ್ನೋ ಆಯ್ಕೆ. ಎರಡೂ ಕೊಟ್ಟ ಪಠ್ಯವನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತ ಓದುತ್ತವೆ, ಅಂದರೆ ಚುಕ್ಕೆ, ಆವರಣ, ನಕ್ಷತ್ರಕ್ಕೆ ವಿಶೇಷ ಅರ್ಥ ಇರುವ ಹುಡುಕು ನಮೂನೆ. ಮೆಸೇಜ್‌ನಲ್ಲಿ ಆವರಣ ಇದ್ದರೆ ಹೊಂದಲ್ಲ. ಪೂರ್ತಿ ವಾಕ್ಯ ಹೋಲಿಸುವ ಬದಲು ಮುಖ್ಯವಾದ ಒಂದೆರಡು ಪದ ಮಾತ್ರ ನೋಡಿ. ನಾಳೆ ಯಾರೋ ವಾಕ್ಯ ತಿದ್ದಿದರೆ ಟೆಸ್ಟ್ ಸುಮ್ನೆ ಮುರಿಯಬಾರದು.

ಹೆಲ್ಪರ್ ಬಿಟ್ಟು ಕೈಯಾರೆ ಟ್ರೈ ಮತ್ತು ಎಕ್ಸೆಪ್ಟ್ ಬರೆದರೆ ಇನ್ನೊಂದು ಹಳ್ಳ ಕಾದಿರುತ್ತದೆ. ಎರರ್ ಬರದೇ ಹೋದಾಗ ಏನಾಗಬೇಕು ಅಂತ ಬರೆಯಲು ಮರೆತರೆ ಟೆಸ್ಟ್ ಸದ್ದಿಲ್ಲದೆ ಪಾಸ್. ಜಾವಾಸ್ಕ್ರಿಪ್ಟ್‌ನಲ್ಲಿ ಅವೇಟ್ ("ಉತ್ತರ ಬರೋವರೆಗೆ ಕಾಯಿ" ಅನ್ನೋ ಪದ) ಮರೆತಾಗಲೂ ಹೀಗೇ, ಉತ್ತರ ಬರುವ ಮುಂಚೆಯೇ ಟೆಸ್ಟ್ ಮುಗಿದಿರುತ್ತದೆ. ಅದಕ್ಕೆ ಜೆಸ್ಟ್‌ನಲ್ಲಿ "ಈ ಟೆಸ್ಟ್‌ನಲ್ಲಿ ಇಷ್ಟು ಅಸರ್ಶನ್ ಓಡಲೇಬೇಕು" ಅಂತ ಮೊದಲೇ ಎಣಿಕೆ ಹೇಳುವ ಸೌಲಭ್ಯ ಇದೆ, ಬಳಸಿ.

ಹಂತ 7: ಒಂದೇ ಟೆಸ್ಟ್, ಹಲವು ಬೆಲೆಗಳು

0, 59, 60, 3599, 3600. ಅವಧಿ_ಪಠ್ಯ ತಪ್ಪುವುದು ಇಂಥ ಅಂಚಿನ ಸಂಖ್ಯೆಗಳಲ್ಲೇ. ಇವನ್ನೆಲ್ಲ ಲೂಪ್‌ನಲ್ಲಿ ಹಾಕಿ ಒಂದೇ ಅಸರ್ಟ್‌ಈಕ್ವಲ್ ಬರೆದರೆ ಮೊದಲ ತಪ್ಪಿಗೇ ಟೆಸ್ಟ್ ನಿಂತುಹೋಗುತ್ತದೆ. 60 ತಪ್ಪಿತು ಅಂದರೆ 3600 ಸರಿಯಾ ಅಂತ ಗೊತ್ತಾಗಲ್ಲ. ಪೈಥಾನ್‌ನ ಸಬ್‌ಟೆಸ್ಟ್ ಬ್ಲಾಕ್ ಒಳಗೆ ಅಸರ್ಶನ್ ಇಟ್ಟರೆ ಪ್ರತಿ ಸಂಖ್ಯೆಯೂ ಬೇರೆ ಬೇರೆಯಾಗಿ ವರದಿಯಾಗುತ್ತದೆ, ಯಾವ ಸಂಖ್ಯೆಗೆ ತಪ್ಪಿತು ಅನ್ನೋದರ ಸಮೇತ. ಜೆಯೂನಿಟ್ 5ರಲ್ಲಿ ಹಲವು ಅಸರ್ಶನ್‌ಗಳನ್ನು ಒಟ್ಟಿಗೆ ಓಡಿಸಲು ಅಸರ್ಟ್‌ಆಲ್ ಇದೆ.

ಗೋ ಭಾಷೆಯ ಟೆಸ್ಟಿಫೈ ಇಲ್ಲಿ ಸ್ಪಷ್ಟ ಆಯ್ಕೆ ಕೊಡುತ್ತದೆ. ಅಸರ್ಟ್ ಪ್ಯಾಕೇಜ್ ಫೇಲ್ ಗುರುತು ಹಾಕಿ ಮುಂದುವರಿಯುತ್ತದೆ, ರಿಕ್ವೈರ್ ಪ್ಯಾಕೇಜ್ ಅಲ್ಲೇ ನಿಲ್ಲಿಸುತ್ತದೆ. ಮುಂದಿನ ಸಾಲುಗಳಿಗೆ ಈ ಬೆಲೆ ಬೇಕೇ ಬೇಕು ಅಂದರೆ ರಿಕ್ವೈರ್ ಬಳಸಿ. "ಎರರ್ ಇಲ್ಲ" ಅನ್ನೋದನ್ನ ಅಸರ್ಟ್ ಇಂದ ನೋಡಿ ಮುಂದೆ ಹೋದರೆ ಮುಂದಿನ ಸಾಲಲ್ಲಿ ಇಲ್ಲದ ಆಬ್ಜೆಕ್ಟ್ ಮುಟ್ಟಿ ಪ್ರೋಗ್ರಾಮೇ ಕುಸಿಯುತ್ತದೆ, ನಿಜವಾದ ಕಾರಣ ಆ ಗದ್ದಲದಲ್ಲಿ ಹೂತುಹೋಗುತ್ತದೆ.

ಹಂತ 8: ನಿಮ್ಮದೇ ಹೆಲ್ಪರ್ ಬರೆಯಿರಿ

ಒಂದೇ ಗುಂಪಿನ ಅಸರ್ಶನ್‌ಗಳು ಮೂರನೇ ಟೆಸ್ಟ್‌ನಲ್ಲೂ ಬಂದವು ಅಂದರೆ ಅವುಗಳಿಗೆ ಒಂದು ಹೆಸರಿಡುವ ಕಾಲ ಬಂತು ಅಂತ. ಎರಡನೇ ಸಲಕ್ಕೇ ಆತುರ ಬೇಡ, ಅದು ನನ್ನ ಅಭ್ಯಾಸ. ಟೆಸ್ಟ್ ಕ್ಲಾಸ್ ಒಳಗೆ ಹೀಗೆ ಬರೆಯಬಹುದು:

    ಡೆಫ್ ಅಸರ್ಟ್_ಹಾಡು(ಸೆಲ್ಫ್, ಸಿಕ್ಕಿದ್ದು, ಹೆಸರು, ಅವಧಿ):
        ಅಸರ್ಟ್‌ಈಸ್‌ನಾಟ್‌ನನ್(ಸಿಕ್ಕಿದ್ದು, "ಹಾಡು ಸಿಗಲಿಲ್ಲ: " + ಹೆಸರು)
        ಅಸರ್ಟ್‌ಈಕ್ವಲ್(ಸಿಕ್ಕಿದ್ದು.ಹೆಸರು, ಹೆಸರು, "ಹೆಸರು ತಪ್ಪಾಗಿದೆ")
        ಅಸರ್ಟ್‌ಈಕ್ವಲ್(ಸಿಕ್ಕಿದ್ದು.ಅವಧಿ, ಅವಧಿ, "ಅವಧಿ ತಪ್ಪಾಗಿದೆ: " + ಹೆಸರು)

ಈಗ ಟೆಸ್ಟ್‌ನಲ್ಲಿ ಒಂದೇ ಸಾಲು:

    ಅಸರ್ಟ್_ಹಾಡು(ಹುಡುಕು("ಹಾಡು ಕ"), "ಹಾಡು ಕ", 200)

ಮೊದಲ ಸಾಲಿನ ನನ್ ತಪಾಸಣೆ ಸುಮ್ನೆ ಇಟ್ಟಿದ್ದಲ್ಲ. ಅದಿಲ್ಲದಿದ್ದರೆ ಹಾಡು ಸಿಗದೇ ಹೋದಾಗ "ನನ್‌ಗೆ ಹೆಸರು ಅನ್ನೋ ಪ್ರಾಪರ್ಟಿ ಇಲ್ಲ" ಅನ್ನೋ ಒಗಟಿನಂಥ ಎರರ್ ಬರುತ್ತದೆ. ಇನ್ನು ನಮ್ಮ ಮೆಸೇಜ್ ಕೊಟ್ಟರೆ ಪೈಥಾನ್‌ನ ಮೂಲ ಮೆಸೇಜ್ ಹೋಗಿಬಿಡುತ್ತಾ ಅಂತ ಕೇಳುತ್ತೀರಿ. ಇಲ್ಲ, ಎರಡೂ ಒಟ್ಟಿಗೆ ಬರುತ್ತವೆ. ಹಾಗಾಗಿ ಬೆಲೆಗಳನ್ನು ಮತ್ತೆ ಬರೆಯಬೇಡಿ, ಮೂಲ ಮೆಸೇಜ್‌ಗೆ ಗೊತ್ತಿಲ್ಲದ ವಿಷಯ ಮಾತ್ರ ಸೇರಿಸಿ: ಯಾವ ಹಾಡು, ಯಾವ ಭಾಗ.

ಸ್ವಂತ ಹೆಲ್ಪರ್‌ನ ದೊಡ್ಡ ತಲೆನೋವು ಸಾಲಿನ ಸಂಖ್ಯೆ. ಟೆಸ್ಟ್ ಫೇಲ್ ಆದಾಗ ಹೆಲ್ಪರ್ ಒಳಗಿನ ಸಾಲು ತೋರಿಸಿದರೆ ಏನು ಉಪಯೋಗ? ಆ ಹೆಲ್ಪರನ್ನು ನಲವತ್ತು ಕಡೆ ಕರೆದಿರುತ್ತೀರಿ. ಗೋ ಭಾಷೆಯಲ್ಲಿ ಇದಕ್ಕಾಗಿಯೇ 2017ರ 1.9 ಆವೃತ್ತಿಯಲ್ಲಿ ಟಿ.ಹೆಲ್ಪರ್ ಅನ್ನೋ ಕರೆ ಬಂತು. ನಿಮ್ಮ ಫಂಕ್ಷನ್‌ನ ಮೊದಲ ಸಾಲಲ್ಲಿ ಅದನ್ನು ಬರೆದರೆ ಕರೆದ ಜಾಗದ ಸಾಲು ತೋರಿಸುತ್ತದೆ. ಪೈಟೆಸ್ಟ್‌ನಲ್ಲಿ ಟ್ರೇಸ್‌ಬ್ಯಾಕ್‌ಹೈಡ್ ಅನ್ನೋ ವೇರಿಯಬಲ್‌ಗೆ, ಎರಡೂ ಬದಿ ಎರಡೆರಡು ಅಂಡರ್‌ಸ್ಕೋರ್ ಹಾಕಿ, ಟ್ರೂ ಕೊಟ್ಟರೆ ಅದೇ ಕೆಲಸ ಆಗುತ್ತದೆ.

ಪೈಟೆಸ್ಟ್‌ನವರಿಗೆ ಇನ್ನೂ ಒಂದು. ಹೆಲ್ಪರನ್ನು ಬೇರೆ ಸಾದಾ ಫೈಲಿಗೆ ಸಾಗಿಸಿದ ಕೂಡಲೇ ಚೆನ್ನಾಗಿದ್ದ ಮೆಸೇಜ್ ಮಾಯವಾಗಿ ಬರೀ "ಅಸರ್ಶನ್‌ಎರರ್" ಅಂತ ಬರಬಹುದು. ಪೈಟೆಸ್ಟ್ ತಾನಾಗಿ ತಿದ್ದುವುದು ಟೆಸ್ಟ್ ಫೈಲ್, ಕಾನ್ಫ್‌ಟೆಸ್ಟ್ ಫೈಲ್ ಮತ್ತು ಪ್ಲಗಿನ್‌ಗಳನ್ನು ಮಾತ್ರ. ಆ ಫೈಲನ್ನು ಇಂಪೋರ್ಟ್ ಮಾಡುವ ಮುಂಚೆ ರಿಜಿಸ್ಟರ್_ಅಸರ್ಟ್_ರೀರೈಟ್ ಕರೆದು ಅದರ ಹೆಸರು ಹೇಳಿ.

ಕೊನೆಯದಾಗಿ, ಹೌದು ಅಥವಾ ಇಲ್ಲ ಅಂತ ವಾಪಸ್ ಕೊಡುವ ಫಂಕ್ಷನ್ ಬರೆದು ಅದನ್ನು ಹೆಲ್ಪರ್ ಅಂತ ಕರೆಯಬೇಡಿ. ಟೆಸ್ಟ್‌ನಲ್ಲಿ ಹಾಡು_ಸರಿಯೇ(...) ಅಂತ ಬರೆದು ಉತ್ತರ ನೋಡದೆ ಬಿಟ್ಟರೆ ಆ ಸಾಲಿಂದ ಏನೂ ಆಗಲ್ಲ. ಜಾವಾದ ಅಸರ್ಟ್‌ಜೆಯಲ್ಲೂ ಇದೇ ಥರ ಒಂದಿದೆ: ಅಸರ್ಟ್‌ದಟ್(ಬೆಲೆ) ಅಂತ ಬರೆದು ಮುಂದೆ ಈಸ್‌ಈಕ್ವಲ್‌ಟು ಹಾಕದಿದ್ದರೆ ಏನನ್ನೂ ಪರೀಕ್ಷಿಸದೆ ಹಸಿರು.

ಹಂತ 9: ಒಂದು ಸಲ ಬೇಕಂತಲೇ ಕೆಡಿಸಿ

ಮೇಲೆ ಹೇಳಿದ ಹಳ್ಳಗಳಲ್ಲಿ ಅರ್ಧಕ್ಕರ್ಧ "ಯಾವತ್ತೂ ಫೇಲ್ ಆಗದ ಟೆಸ್ಟ್" ಜಾತಿಯವು. ಇವನ್ನು ಹಿಡಿಯಲು ಒಂದೇ ದಾರಿ. ಟೆಸ್ಟ್ ಪಾಸ್ ಆದ ಮೇಲೆ ಮೂಲ ಫಂಕ್ಷನ್‌ಗೆ ಹೋಗಿ ಒಂದು ಕಡೆ ಕೆಡಿಸಿ. 60 ಇದ್ದಲ್ಲಿ 61 ಮಾಡಿ, ಅಥವಾ ಎರರ್ ಎಸೆಯುವ ಸಾಲನ್ನು ಕಾಮೆಂಟ್ ಮಾಡಿ. ಟೆಸ್ಟ್ ಓಡಿಸಿ. ಕೆಂಪಾಗಬೇಕು. ಆಗಲಿಲ್ಲ ಅಂದರೆ ನಿಮ್ಮ ಅಸರ್ಶನ್ ನಿದ್ದೆ ಮಾಡುತ್ತಿದೆ.

ಕೆಂಪಾದಾಗ ಇನ್ನೊಂದು ಕೆಲಸ ಮಾಡಿ. ಕೋಡ್ ನೋಡದೆ ಮೆಸೇಜ್ ಮಾತ್ರ ಓದಿ. ಏನನ್ನು ಕೆಡಿಸಿದಿರಿ ಅಂತ ಅದರಿಂದಲೇ ಊಹಿಸಲು ಆಗುತ್ತಾ? ಆಗದಿದ್ದರೆ ಹೆಲ್ಪರ್ ಬದಲಿಸಿ, ಅಥವಾ ಮೆಸೇಜ್‌ಗೆ ಒಂದು ಪದ ಸೇರಿಸಿ. ಈ ಕೆಡಿಸುವ ಕೆಲಸವನ್ನು ತಾವೇ ಮಾಡುವ ಟೂಲ್‌ಗಳೂ ಇವೆ: ಜಾವಾಗೆ ಪಿಟ್, ಜಾವಾಸ್ಕ್ರಿಪ್ಟ್‌ಗೆ ಸ್ಟ್ರೈಕರ್, ಪೈಥಾನ್‌ಗೆ ಮಟ್‌ಮಟ್. ಅವು ಕೋಡ್‌ನಲ್ಲಿ ಸಣ್ಣ ಸಣ್ಣ ಬದಲಾವಣೆ ಮಾಡಿ ಯಾವುದನ್ನು ನಿಮ್ಮ ಟೆಸ್ಟ್‌ಗಳು ಹಿಡಿಯಲಿಲ್ಲ ಅಂತ ಪಟ್ಟಿ ಕೊಡುತ್ತವೆ. ಸಮಯ ತಗೊಳ್ಳುತ್ತವೆ, ಹಾಗಾಗಿ ಪ್ರತಿ ಸಲ ಓಡಿಸಬೇಕಿಲ್ಲ.

ಇನ್ನು ಹಳೇ ಟೆಸ್ಟ್‌ಗಳ ವಿಷಯ. "ನಮ್ಮಲ್ಲಿ ನೂರಾರು ಅಸರ್ಟ್‌ಟ್ರೂ ಇವೆ, ಎಲ್ಲಾ ಕೂತು ಬದಲಿಸಬೇಕಾ?" ಬೇಡ. ಎರಡು ಬೆಲೆ ಅಲ್ಪವಿರಾಮದಲ್ಲಿ ಕೊಟ್ಟ ಅಸರ್ಟ್‌ಟ್ರೂಗಳನ್ನು ಮಾತ್ರ ಇವತ್ತೇ ಹುಡುಕಿ ನೋಡಿ, ಎರಡನೆಯದು ನಿಜವಾಗಿಯೂ ಮೆಸೇಜಾ ಅಥವಾ ಬರಬೇಕಿದ್ದ ಬೆಲೆಯಾ ಅಂತ. ಉಳಿದವನ್ನು ಹಾಗೇ ಬಿಡಿ. ಅವುಗಳಲ್ಲಿ ಒಂದು ಫೇಲ್ ಆಗಿ "ಫಾಲ್ಸ್ ಈಸ್ ನಾಟ್ ಟ್ರೂ" ಅಂದ ದಿನ, ಬಗ್ ಸರಿಮಾಡುವ ಮುಂಚೆ ಆ ಸಾಲನ್ನು ಸರಿಯಾದ ಹೆಲ್ಪರ್‌ಗೆ ಬದಲಿಸಿ ಮತ್ತೆ ಓಡಿಸಿ.